ವೇದಿಕೆ ಬೇಡ, ಕಪಾಟು ಸಾಕು: ಕಾಸರಗೋಡಿನ ಸೇವಾ ಸಂಘಟನೆಗಳಿಗೂ ಪಿ.ಟಿ.ಎ. ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಸೇವಾ ಸಂಘಟನೆಗಳ, ಯುವಕ ಸಂಘಗಳ, ಕ್ಲಬ್ಬುಗಳ ಪದಾಧಿಕಾರಿಗಳಿಗೆ, ಶಾಲೆಗಳ ಪಿ.ಟಿ.ಎ. (ರಕ್ಷಕ-ಶಿಕ್ಷಕ ಸಂಘ) ಸಮಿತಿಗಳಿಗೆ ಹಾಗೂ ಮಾನ್ಯ ವಿದ್ಯಾಭ್ಯಾಸ ಉಪನಿರ್ದೇಶಕರಿಗೆ,

ಮಾನ್ಯರೇ,

ನಾನು ಕುಂಬಳೆ ಉಪಜಿಲ್ಲೆಯ ಒಂದು ಅನುದಾನಿತ ಶಾಲೆಯಲ್ಲಿ 31 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಅಧ್ಯಾಪಿಕೆ. ಇನ್ನು ಕೆಲವೇ ದಿನಗಳಲ್ಲಿ ಜೂನ್ ಬರುತ್ತದೆ. ಶಾಲೆ ತೆರೆಯುವ ದಿನದ ಪ್ರವೇಶೋತ್ಸವಕ್ಕೆ ತೋರಣ ಕಟ್ಟುವ ಹೊತ್ತಿಗೇ ನಿಮ್ಮಲ್ಲಿ ‘ಬಡ ವಿದ್ಯಾರ್ಥಿಗಳಿಗೆ ಕಲಿಕೋಪಕರಣ ವಿತರಣೆ’ಯ ಸಿದ್ಧತೆಯೂ ನಡೆಯುತ್ತದೆ. ಬ್ಯಾಗು, ಕೊಡೆ, ನೋಟ್ ಪುಸ್ತಕಗಳಿಗೆ ಈಗಾಗಲೇ ಆರ್ಡರ್ ಹೋಗಿರಬಹುದು. ಬ್ಯಾನರ್ ಇನ್ನೂ ಅಚ್ಚಿಗೆ ಹೋಗಿರಲಾರದು. ಅದಕ್ಕೂ ಮೊದಲು ಈ ಪತ್ರ ನಿಮ್ಮನ್ನು ತಲುಪಲಿ ಎಂಬ ಅವಸರದಲ್ಲಿ ಬರೆಯುತ್ತಿದ್ದೇನೆ.

ನೀವು ಕೊಡುವುದರ ಬಗ್ಗೆ ನನಗೆ ತಕರಾರಿಲ್ಲ. ಕೊಲ್ಲಿಯ ಬಿಸಿಲಿನಲ್ಲಿ ದುಡಿದು ಊರ ಶಾಲೆಗೆ ಹಣ ಕಳುಹಿಸುವವರನ್ನು, ಅಡಿಕೆ ಮಾರಿ ಬಂದದ್ದರಲ್ಲಿ ಒಂದು ಪಾಲು ಎತ್ತಿಡುವವರನ್ನು, ಆಟೋ ಓಡಿಸುತ್ತಲೇ ಸಂಘದ ಚಂದಾ ತಪ್ಪದೆ ಕಟ್ಟುವವರನ್ನು ನಾನು ಬಲ್ಲೆ. ಅವರಲ್ಲಿ ಅನೇಕರು ನನ್ನ ಮುಂದೆ ಬೆಂಚಿನಲ್ಲಿ ಕುಳಿತು ಕಲಿತವರು. ನನ್ನ ದೂರು ಕೊಡುವ ರೀತಿಯ ಬಗ್ಗೆ, ಮಕ್ಕಳನ್ನು ವೇದಿಕೆಗೆ ಕರೆದು, ಹೆಸರು ಓದಿ, ಫೋಟೋ ತೆಗೆದು ಕೊಡುವುದರ ಬಗ್ಗೆ. ಆ ದೂರು ನನ್ನಲ್ಲಿ ಹುಟ್ಟಿದ್ದು ಆಫ್ರಿಕಾದ ಒಂದು ಹಳ್ಳಿಯಲ್ಲಿ. ಆದ್ದರಿಂದ ಅಲ್ಲಿನ ಸಂಗತಿಯನ್ನು ಮೊದಲು ಹೇಳಬೇಕು.

ನನ್ನ ಮಗ ಗೇರುಬೀಜ ಖರೀದಿಸುವ ಕಂಪೆನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ತಾಂಜಾನಿಯಾ ದೇಶದ ದಕ್ಷಿಣ ತುದಿಯ ಮ್ತ್ವಾರಾ ಪ್ರಾಂತ್ಯದಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಜದ ಕಾಲ. ಚೀಲದಿಂದ ಒಂದಿಷ್ಟು ಬೀಜ ತೆಗೆದು, ಕತ್ತರಿಸಿ, ಒಳಗಿನ ತಿರುಳು ತೂಗಿ ನೋಡುವುದು ಅವನ ಕೆಲಸ. ಅಲ್ಲಿಂದ ಹಡಗು ಹತ್ತುವ ಬೀಜದ ದೊಡ್ಡ ಪಾಲು ನಮ್ಮ ದೇಶದ ಕಾರ್ಖಾನೆಗಳಿಗೇ ಬರುತ್ತದೆ. ಕಳೆದ ನವೆಂಬರಿನಲ್ಲಿ ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ಹೋದೆ. ದಾರ್ ಎಸ್ ಸಲಾಮಿನಿಂದ ದಕ್ಷಿಣಕ್ಕೆ 500 ಕಿಲೋಮೀಟರಿಗೂ ಹೆಚ್ಚು ದೂರ. ಮಕೋಂಡೆ ಪ್ರಸ್ಥಭೂಮಿಯನ್ನು ಹತ್ತಿದ ಮೇಲೆ ನನಗೆ ಪರದೇಶಕ್ಕೆ ಬಂದ ಹಾಗೆಯೇ ಅನ್ನಿಸಲಿಲ್ಲ. ಕೆಂಪು ಮಣ್ಣು, ಸಾಲುಸಾಲು ಗೇರುಮರ, ಮನೆಯ ಪಕ್ಕದಲ್ಲಿ ಮರಗೆಣಸು. ನಮ್ಮ ಜಿಲ್ಲೆಯ ಎಣ್ಮಕಜೆಯ ಗುಡ್ಡದ ಮೇಲೆ ನಿಂತ ಹಾಗಿತ್ತು. ಅವರ ಕರಾವಳಿಗೂ ನಮ್ಮ ಕರಾವಳಿಗೂ ಬ್ರೆಜಿಲಿನಿಂದ ಗೇರು ತಂದವರು ಒಬ್ಬರೇ, ಪೋರ್ಚುಗೀಸರು.

ಒಂದೇ ವ್ಯತ್ಯಾಸವೆಂದರೆ ನೀರು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದರೆ ಬೇಸಗೆಯಲ್ಲೂ ನೀರು ಇಳಿಯುತ್ತದೆ. ಆ ಪ್ರಸ್ಥಭೂಮಿಯ ಮೇಲೆ ನೀರೇ ಅಪರೂಪ. ಇಳಿಜಾರಿನ ಕೆಳಗಿನ ಊಟೆಗಳಿಂದ ಹೆಂಗಸರೂ ಮಕ್ಕಳೂ ಬಕೆಟ್ ತಲೆಯ ಮೇಲೆ ಹೊತ್ತು ಹತ್ತಿ ಬರುತ್ತಿದ್ದುದನ್ನು ದಾರಿಯುದ್ದಕ್ಕೂ ಕಂಡೆ.

ನೆವಾಲಾ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಕಾರಿನ ಚಾಲಕ ತಾನು ಓದಿದ ಸರಕಾರಿ ಪ್ರಾಥಮಿಕ ಶಾಲೆಯನ್ನು ತೋರಿಸಲು ಕರೆದುಕೊಂಡು ಹೋದ. ನಾನೇ ಕೇಳಿಕೊಂಡಿದ್ದೆ. ಚೀಲದಲ್ಲಿ ಊರಿನಿಂದ ಕೊಂಡೊಯ್ದ 100 ಪೆನ್ನು, 100 ಪೆನ್ಸಿಲ್ ಇದ್ದವು. ತಗಡಿನ ಮಾಡು, ಸಿಮೆಂಟು ಕಿತ್ತುಹೋದ ನೆಲ, ಒಂದು ಬೆಂಚಿಗೆ ನಾಲ್ಕೈದು ಮಕ್ಕಳು. ನನ್ನನ್ನು ಕಂಡೊಡನೆ ಮಕ್ಕಳೆಲ್ಲ ಎದ್ದು ನಿಂತು ‘ಶಿಕಾಮೋ’ ಎಂದರು. ಹಿರಿಯರಿಗೆ ಹೇಳುವ ವಂದನೆ. ‘ಕಾಲು ಹಿಡಿಯುತ್ತೇನೆ’ ಎಂಬ ಮಾತಿನಿಂದ ಬಂದದ್ದಂತೆ. ಅದಕ್ಕೆ ‘ಮರಹಬಾ’ ಎನ್ನಬೇಕು ಎಂದು ಚಾಲಕ ಕಿವಿಯಲ್ಲಿ ಹೇಳಿಕೊಟ್ಟ. ಮುಖ್ಯ ಅಧ್ಯಾಪಿಕೆಗೆ ನಾನೂ ಟೀಚರ್ ಎಂದು ತಿಳಿದದ್ದೇ, ‘ಮ್ವಾಲಿಮು’ ಎಂದು ಎರಡೂ ಕೈ ಹಿಡಿದುಕೊಂಡರು. ಶಿಕ್ಷಕ ಎಂದು ಆ ಶಬ್ದದ ಅರ್ಥ. ಶಾಲೆಯ ಮೇಷ್ಟರಾಗಿದ್ದು ದೇಶದ ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆ ಅವರನ್ನು ಆ ಜನ ಇಂದಿಗೂ ಕರೆಯುವುದು ಅದೇ ಶಬ್ದದಿಂದ. ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಏಳನೇ ತರಗತಿಯವರೆಗೆ ಎಲ್ಲ ಪಾಠವೂ ಅವರ ಸ್ವಾಹಿಲಿಯಲ್ಲೇ ನಡೆಯುತ್ತದೆ ಎಂದು ಕೇಳಿದಾಗ ನನಗಾದ ಹೊಟ್ಟೆಯುರಿಯನ್ನು ಕಾಸರಗೋಡಿನ ಕನ್ನಡ ಅಧ್ಯಾಪಕರು ಅರ್ಥ ಮಾಡಿಕೊಳ್ಳುತ್ತಾರೆ. ಆ ವಿಷಯ ಬೇರೆ, ಇಲ್ಲಿಗೆ ಬೇಡ.

ಹತ್ತು ಗಂಟೆಯ ಸುಮಾರಿಗೆ ಗಂಜಿಯ ಗಂಟೆ ಬಾರಿಸಿತು. ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ಸ್ವಲ್ಪ ಸಕ್ಕರೆ ಹಾಕಿ ಕುದಿಸಿದ ತೆಳು ಗಂಜಿ. ‘ಉಜಿ’ ಎನ್ನುತ್ತಾರೆ. ಹಿಟ್ಟು ಕೊಡುವವರು ಮಕ್ಕಳ ಮನೆಯವರೇ. ಕುಡಿಯುವ ಮಗ್ಗನ್ನೂ ಮಕ್ಕಳು ಮನೆಯಿಂದಲೇ ತರಬೇಕು. ನಾನು ಮರದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದೆ. ಹತ್ತು ವರ್ಷದ ಒಬ್ಬ ಹುಡುಗಿ ಮಗ್ ತುಂಬ ಗಂಜಿ ತಂದು, ಮೊಣಕಾಲನ್ನು ತುಸು ಬಗ್ಗಿಸಿ, ಎರಡೂ ಕೈಗಳಿಂದ ನನಗೆ ಕೊಟ್ಟಳು. ‘ಕರಿಬು, ಬೀಬಿ’ ಎಂದಳು. ಬನ್ನಿ, ಅಜ್ಜಿ ಎಂದಂತೆ. ತಿಳಿನೀಲಿ ಬಣ್ಣದ ಪ್ಲಾಸ್ಟಿಕ್ ಮಗ್. ಹಿಡಿ ಮುರಿದ ಜಾಗದಲ್ಲಿ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ತುರುಕಿದ್ದರು. ಬಿಸಿ ತಾಗದ ಹಾಗೆ.

ನಾನು ನಿಧಾನವಾಗಿ ಕುಡಿದೆ. 1970ರ ದಶಕದಲ್ಲಿ ನಾವು ಶಾಲೆಯಲ್ಲಿ ತಿನ್ನುತ್ತಿದ್ದ ‘ಕೇರ್’ ಉಪ್ಪಿಟ್ಟಿನ ನೆನಪಾಯಿತು. ಅಮೆರಿಕದಿಂದ ಬಂದ ಹಳದಿ ಹಿಟ್ಟಿನ ಉಪ್ಪಿಟ್ಟು, ಉಪ್ಪಳಿಗೆ ಎಲೆಯಲ್ಲಿ ಬಡಿಸುತ್ತಿದ್ದರು. ನಾಲಗೆಗೆ ಅದೇ ಪರಿಚಯದ ರುಚಿ. ಮಗನಿಗೆ ಆ ಕಥೆ ಹೇಳುತ್ತ ಕುಳಿತೆ. ಹುಡುಗಿ ಸ್ವಲ್ಪ ದೂರದಲ್ಲಿ ಗೆಳತಿಯರ ಜೊತೆ ನನಗೆ ಬೆನ್ನು ಹಾಕಿ ನಿಂತಿದ್ದಳು. ನಾಚಿಕೆ ಎಂದುಕೊಂಡೆ. ಕುಡಿದಾದ ಮೇಲೆ ಬಂದು ಮಗ್ ತೆಗೆದುಕೊಂಡು ಹಂಡೆಯ ಕಡೆಗೆ ಓಡಿದಳು. ಅಡುಗೆಯ ಹೆಂಗಸು ಆಗಲೇ ತಳ ಕೆರೆದು ಹಂಡೆಯನ್ನು ಓರೆ ಮಾಡಿ ಇಟ್ಟಾಗಿತ್ತು. ಹುಡುಗಿ ಹಿಂದಿರುಗಿದಳು. ಅವಳ ಇಬ್ಬರು ಗೆಳತಿಯರ ಮಗ್ಗುಗಳಲ್ಲಿ ಸುಮಾರು ಮೂರು ಬೆರಳಿನಷ್ಟು ಗಂಜಿ ಉಳಿದಿತ್ತು. ಉಳಿದದ್ದಲ್ಲ, ಉಳಿಸಿದ್ದು. ಒಬ್ಬಳು ಈ ಕಡೆಯಿಂದ, ಒಬ್ಬಳು ಆ ಕಡೆಯಿಂದ ನೀಲಿ ಮಗ್ಗಿಗೆ ಸುರಿದರು. ಅವಳು ಕುಡಿದಳು. ಆಮೇಲೆ ಒಂದು ಬೊಗಸೆ ನೀರಿನಲ್ಲಿ ಮಗ್ ತೊಳೆದು, ಆ ನೀರನ್ನು ಅಂಗಳದ ಮಾವಿನ ಸಸಿಯ ಬುಡಕ್ಕೆ ಚೆಲ್ಲಿದಳು.

ನಾನು ಕುಡಿದದ್ದು ಅವಳ ಪಾಲು ಎಂದು ನನಗೆ ಆಗ ಹೊಳೆಯಿತು. ಬೆನ್ನು ಹಾಕಿ ನಿಂತದ್ದು ನಾಚಿಕೆಯಿಂದಲ್ಲ. ಕಾಯುತ್ತಿರುವುದು ನನಗೆ ತಿಳಿದರೆ ನಾನು ಅವಸರ ಪಡುತ್ತೇನೆ ಎಂದು. ಆ ಮೂವರಲ್ಲಿ ಒಬ್ಬಳೂ ಒಮ್ಮೆಯಾದರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಕೊಟ್ಟದ್ದು ನನಗೆ ಗೊತ್ತಾಗಬಾರದು ಎಂಬಷ್ಟು ಎಚ್ಚರ ಹತ್ತು ವರ್ಷದ ಮಕ್ಕಳಲ್ಲಿತ್ತು. ನನಗೆ ಗಂಟಲು ಕಟ್ಟಿತು. ಕಣ್ಣೊರೆಸಿಕೊಳ್ಳಲು ಕಾರಿನ ಹಿಂದೆ ಹೋದೆ.

ಇಷ್ಟಾದರೂ ನನ್ನ ಅಭ್ಯಾಸ ಬಿಡಲಿಲ್ಲ ನೋಡಿ. ಚೀಲ ತೆರೆದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಾನೇ ಒಬ್ಬೊಬ್ಬರಿಗೆ ಪೆನ್ನು ಕೊಡುತ್ತೇನೆ ಎಂದೆ. ಫೋಟೋ ತೆಗೆಯಲು ಮಗನ ಕೈಗೆ ಮೊಬೈಲ್ ಕೊಟ್ಟೆ. ಮುಖ್ಯ ಅಧ್ಯಾಪಿಕೆ ನಗುತ್ತಲೇ ನನ್ನನ್ನು ಕಚೇರಿಯೊಳಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ತುಕ್ಕು ಹಿಡಿದ ಕಬ್ಬಿಣದ ಕಪಾಟು. ಅದರ ಎರಡನೆಯ ಅಂತಸ್ತಿನಲ್ಲಿ ಒಂದಿಷ್ಟು ನೋಟ್ ಪುಸ್ತಕ, ಸೀಮೆಸುಣ್ಣದ ಪೆಟ್ಟಿಗೆ, ಒಗೆದು ಮಡಚಿಟ್ಟ ಎರಡು ಬಿಳಿ ಅಂಗಿ. ಇಲ್ಲಿ ಇಡಿ ಎಂದರು. ಯಾರ ಪೆನ್ನು ಮುಗಿಯುತ್ತದೋ ಅವರು ತರಗತಿಯ ಅಧ್ಯಾಪಕರಿಗೆ ಹೇಳುತ್ತಾರೆ, ಬಂದು ತೆಗೆದುಕೊಂಡು ಹೋಗುತ್ತಾರೆ ಎಂದು ಚಾಲಕ ಅವರ ಮಾತನ್ನು ನನಗೆ ತಿಳಿಸಿದ. ಸಾಲು ನಿಲ್ಲಿಸುವುದು ಬೇಡ ಎಂದು ಅವರು ಬಾಯಿ ಬಿಟ್ಟು ಹೇಳಲೂ ಇಲ್ಲ. ಕಪಾಟಿನ ಬಾಗಿಲು ಹಾಕಿ ನನಗೆ ನೀರು ಕೊಟ್ಟರು.

ಬಡವರಾದರೂ ಎಷ್ಟು ಸಂತೋಷವಾಗಿದ್ದಾರೆ ಎಂದು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಆ ಮಾತು ನನಗೆ ಹಿಡಿಸುವುದಿಲ್ಲ. ಆ ಹುಡುಗಿಗೆ ಅಂದು ಅರ್ಧ ಹೊಟ್ಟೆ. ಅವಳಿಗೆ ಬೇಕಾದದ್ದು ತುಂಬಿದ ಮಗ್, ಆ ಶಾಲೆಗೆ ಬೇಕಾದದ್ದು ಇನ್ನೂ ದೊಡ್ಡ ಹಂಡೆ, ಆ ಊರಿಗೆ ಬೇಕಾದದ್ದು ನಲ್ಲಿ. ಆದರೆ ಪಡೆಯುವವನ ತಲೆ ತಗ್ಗದ ಹಾಗೆ ಕೊಡುವುದು ಹೇಗೆ ಎಂಬುದು ಅವರಿಗೆ ತಿಳಿದಿದೆ, ನಮಗೆ ಮರೆತುಹೋಗಿದೆ. ನಮ್ಮ ದುಡ್ಡು ಹೆಚ್ಚಾದ ಹಾಗೆ ಮರೆವೂ ಹೆಚ್ಚಾಗಿದೆ ಎಂದೇ ನನ್ನ ಅನಿಸಿಕೆ.

ಈಗ ನಮ್ಮ ಊರಿನ ಮಾತು.

ಕಳೆದ ಜೂನಿನಲ್ಲಿ ಇಲ್ಲಿನ ಒಂದು ಶಾಲೆಯ ವಿತರಣೆಯ ಸಭೆಗೆ ನಾನೂ ಅತಿಥಿಯಾಗಿ ಹೋಗಿದ್ದೆ. ಶಾಲೆಯ ಹೆಸರು ಬೇಡ. ಎಲ್ಲ ಕಡೆಯೂ ನಡೆಯುವುದು ಇದೇ. ವೇದಿಕೆಯ ಮೇಲೆ 14 ಜನ ಇದ್ದೆವು. ಒಂದೂವರೆ ಗಂಟೆ ಭಾಷಣ. ಆಮೇಲೆ ಮೈಕಿನಲ್ಲಿ ‘ಅರ್ಹ ಬಡ ವಿದ್ಯಾರ್ಥಿಗಳು’ ಎಂದು ಹೇಳಿ, ಹೆಸರು ಓದಿ, ಒಬ್ಬೊಬ್ಬರನ್ನೇ ಮೇಲೆ ಕರೆದರು. ಬ್ಯಾಗಿನ ಮೇಲೆ ಪ್ರಾಯೋಜಕರ ಹೆಸರು ಅಂಗೈ ಅಗಲದ ಅಕ್ಷರಗಳಲ್ಲಿ. ಪ್ರತಿ ಮಗುವೂ ಬ್ಯಾಗಿನ ಒಂದು ಕಿವಿ ಹಿಡಿದು, ಅತಿಥಿ ಇನ್ನೊಂದು ಕಿವಿ ಹಿಡಿದು, ಕ್ಯಾಮೆರಾದ ಕಡೆ ನೋಡಬೇಕು. ಚಿತ್ರ ಸರಿ ಬರಲಿಲ್ಲವೆಂದು ಎರಡನೆಯ ತರಗತಿಯ ಒಬ್ಬ ಹುಡುಗನ ಕೈಯಿಂದ ಬ್ಯಾಗನ್ನು ವಾಪಸು ತೆಗೆದುಕೊಂಡು ಮತ್ತೆ ಕೊಟ್ಟರು.

ಏಳನೆಯ ತರಗತಿಯ ಒಬ್ಬಳ ಹೆಸರನ್ನು ಮೂರು ಸಲ ಕರೆದರೂ ಅವಳು ಬರಲಿಲ್ಲ. ಶಾಲೆಯ ಹಿಂಬದಿಯ ಬಾವಿಕಟ್ಟೆಯ ಮರೆಯಲ್ಲಿ ಕುಳಿತಿದ್ದಳು. ಹುಡುಕಿ ಕರೆತಂದರು. ಬ್ಯಾಗು ತೆಗೆದುಕೊಳ್ಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಮಳೆ ಹಿಡಿದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಪುಸ್ತಕಗಳು ಜವುಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಹೊಸ ಬ್ಯಾಗು ಎಲ್ಲಿ ಎಂದು ಕೇಳಬೇಕೆಂದಿದ್ದವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ನಾನು ಬೇರೆಯವರತ್ತ ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತಿಲ್ಲ. ಸೇವೆಯಲ್ಲಿದ್ದಾಗ ಎಷ್ಟೋ ವರ್ಷ ಆ ಹೆಸರುಗಳನ್ನು ಮೈಕಿನಲ್ಲಿ ಓದಿದವಳು ನಾನೇ. ಉಚ್ಚಾರ ಸ್ಪಷ್ಟ ಎಂದು ನನಗೇ ಆ ಕೆಲಸ ಕೊಡುತ್ತಿದ್ದರು. ಯಾವ ಮಗು ಯಾವ ಕಂಬದ ಹಿಂದೆ ನಿಂತಿತ್ತು ಎಂದು ಆಗ ನಾನು ತಲೆಯೆತ್ತಿ ನೋಡಲಿಲ್ಲ. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮಕ್ಕಳೇ, ನನ್ನನ್ನು ಕ್ಷಮಿಸಿ.

ನಮ್ಮ ಮಕ್ಕಳಿಗೇನು ಕೊಡಲು ಬರುವುದಿಲ್ಲವೇ? ಕೆಂಪುಕಲ್ಲಿನ ಕ್ವಾರಿಗೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬದ ಹುಡುಗನೊಬ್ಬ ವರ್ಷದ ನಡುವೆ ನನ್ನ ತರಗತಿಗೆ ಸೇರಿದಾಗ, ಅವನ ಬಳಿ ಕೊಡೆ ಇರಲಿಲ್ಲ. ಅದೇ ದಾರಿಯಲ್ಲಿ ಹೋಗುವ ಇಬ್ಬರು ಹುಡುಗರು ಒಂದು ತಿಂಗಳು ಅವನನ್ನು ನಡುವೆ ಹಾಕಿಕೊಂಡು ನಡೆದರು. ಇಬ್ಬರ ಹೊರಗಿನ ಭುಜ ದಿನವೂ ಒದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ನಾವು ಮಾತ್ರ ಆ ಇಬ್ಬರಲ್ಲಿ ಒಬ್ಬನನ್ನು ಬಡವರ ಪಟ್ಟಿಗೆ ಸೇರಿಸಿ, ಮುಂದಿನ ಜೂನಿನಲ್ಲಿ ವೇದಿಕೆ ಹತ್ತಿಸಿದೆವು. ಕೊಡಬಲ್ಲವನನ್ನು ಪಡೆಯುವವನೆಂದು ಊರಿಗೆಲ್ಲ ಸಾರಿದೆವು.

ಫೋಟೋದ ಭಾರ ಎಷ್ಟೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2000ದವರೆಗೆ ಸುಮಾರು ಎರಡು ದಶಕ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 11 ಪಂಚಾಯತುಗಳ ಮನೆಮನೆಯ ನೋವು ಅದು. ಅದರಿಂದ ನರಳಿದ ಮಕ್ಕಳ ಚಿತ್ರಗಳು ಲೋಕ ಸುತ್ತಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಲ್ಲಿಸಿದ್ದಕ್ಕೂ, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದಕ್ಕೂ ಹಿಂದೆ ಆ ಚಿತ್ರಗಳು ಎಬ್ಬಿಸಿದ ಜನಾಭಿಪ್ರಾಯ ಇತ್ತು. ಅದು ನ್ಯಾಯಕ್ಕಾಗಿ ತೆಗೆದ ಚಿತ್ರ, ಒಪ್ಪುತ್ತೇನೆ. ಆದರೆ ಇಂದಿಗೂ ಒಂದು ಅಕ್ಕಿಚೀಲ ಹಿಡಿದು ಆ ಮನೆಗಳಿಗೆ ಹೋಗುವವರು ಮಲಗಿದ ಮಗುವಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರಲ್ಲ, ಅದು ಯಾವ ನ್ಯಾಯಕ್ಕೆ? ನನಗೆ ಪರಿಚಯದ ಒಬ್ಬ ತಾಯಿ ಈಗ ಯಾರು ಬಂದರೂ ಮೊದಲು ಮಗನ ಮುಖದ ಮೇಲೆ ಬೈರಾಸು ಎಳೆಯುತ್ತಾಳೆ.

ನೀವು ಏನು ಹೇಳಬಹುದು ಎಂದು ನನಗೆ ಗೊತ್ತು. ಕೊಲ್ಲಿಯಲ್ಲಿರುವ ದಾನಿಗಳಿಗೆ ಲೆಕ್ಕ ತೋರಿಸಬೇಕು, ಫೋಟೋ ಇಲ್ಲದಿದ್ದರೆ ನಂಬುವವರು ಯಾರು ಎನ್ನುತ್ತೀರಿ. ಲೆಕ್ಕಕ್ಕೆ ಅಂಗಡಿಯ ಬಿಲ್ ಇದೆ, ಶಾಲೆಯ ಮುದ್ರೆ ಒತ್ತಿದ ರಶೀದಿ ಇದೆ, ಸ್ಟಾಕ್ ರಿಜಿಸ್ಟರ್ ಇದೆ. ಮಗುವಿನ ಮುಖ ರಶೀದಿಯಲ್ಲ. ಚಿತ್ರ ಕಂಡರೆ ಇನ್ನೂ ನಾಲ್ವರು ಕೊಡಲು ಮುಂದೆ ಬರುತ್ತಾರೆ ಎಂಬುದೂ ನಿಜವೇ. ಹಾಗಾದರೆ ಜೋಡಿಸಿಟ್ಟ ಪುಸ್ತಕಗಳ ಚಿತ್ರ ತೆಗೆಯಿರಿ, ಕೊಡೆಗಳ ಸಾಲಿನ ಚಿತ್ರ ಹಾಕಿರಿ. ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರನ್ನೂ ಚಿತ್ರವನ್ನೂ ಮಾಧ್ಯಮಗಳಲ್ಲಿ ಬಹಿರಂಗಪಡಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಪ್ರತಿ ಮಗುವಿಗೂ ಖಾಸಗಿತನದ ಹಕ್ಕಿದೆ ಎನ್ನುತ್ತದೆ. ಬ್ಯಾಗು ಪಡೆಯುವ ಪ್ರತಿ ಮಗುವೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬಾರದೇ ಇರಬಹುದು. ಕಾನೂನು ಬಂದು ತಡೆಯುವವರೆಗೆ ನಾವು ಕಾಯಬೇಕೇ?

ಕೊಡಲು ದಾರಿ ಇಲ್ಲದೆ ಇಲ್ಲ. ಶಾಲೆಯ ಪಠ್ಯಪುಸ್ತಕ ಎಂಟನೇ ತರಗತಿಯವರೆಗೆ ಎಲ್ಲರಿಗೂ ಉಚಿತ. ಅದನ್ನು ಪಡೆದದ್ದಕ್ಕೆ ಯಾವ ಮಗುವೂ ನಾಚುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಯಾರ ಮನೆಯಲ್ಲಿ ಬೆಳಿಗ್ಗೆ ಒಲೆ ಉರಿದಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ. ಇದೇ ಕ್ರಮವನ್ನು ನಿಮ್ಮ ಕೊಡುಗೆಗೂ ತನ್ನಿ ಎಂದು ಬೇಡಿಕೊಳ್ಳುತ್ತೇನೆ. ನೀವು ಕೊಡುವ ಹಣವನ್ನಾಗಲಿ ಸಾಮಾನನ್ನಾಗಲಿ ಶಾಲೆಯ ಸಹಕಾರಿ ಸ್ಟೋರಿಗೆ ಒಪ್ಪಿಸಿ. ಸ್ಟೋರ್ ಇಲ್ಲದ ಕಡೆ ಒಂದು ಕಪಾಟು ಇಡಿಸಿ. ತರಗತಿಯ ಅಧ್ಯಾಪಕರು ಚೀಟಿ ಬರೆದು ಕೊಡಲಿ. ಹಣ ಕೊಟ್ಟು ಕೊಳ್ಳುವ ಮಗುವೂ ಚೀಟಿ ತಂದ ಮಗುವೂ ಅದೇ ಅಂತಸ್ತಿನಿಂದ ಅದೇ ಪುಸ್ತಕವನ್ನು ತೆಗೆದುಕೊಳ್ಳಲಿ. ಬಣ್ಣವನ್ನು ಮಗುವೇ ಆರಿಸಲಿ. ಬ್ಯಾಗಿನ ಮೇಲೆ ಯಾರ ಹೆಸರೂ ಬೇಡ. ನಿಮ್ಮ ಸಂಘದ ಹೆಸರನ್ನು ಶಾಲೆಯ ವಾರ್ಷಿಕ ವರದಿಯಲ್ಲಿ ಗೌರವದಿಂದ ದಾಖಲಿಸಲಿ, ಪಿ.ಟಿ.ಎ. ಮಹಾಸಭೆಯಲ್ಲಿ ಓದಲಿ, ಅದಕ್ಕೆ ನೀವು ಖಂಡಿತ ಅರ್ಹರು.

ಇನ್ನೊಂದು ಮಾತು. ಆ ಕಪಾಟಿಗೆ ಮಕ್ಕಳೂ ಏನಾದರೂ ತಂದು ಇಡುವಂತಾಗಲಿ. ಅರ್ಧ ಉಳಿದ ಪೆನ್ಸಿಲ್ ಇರಬಹುದು, ತಮಗೆ ಚಿಕ್ಕದಾದ ಮಳೆಯಂಗಿ ಇರಬಹುದು, ಓದಿ ಮುಗಿಸಿದ ಕಥೆಪುಸ್ತಕ ಇರಬಹುದು. ಇಂದು ತೆಗೆದುಕೊಂಡ ಮಗು ನಾಳೆ ಇಡಲಿ. ಯಾರು ಇಟ್ಟರು, ಯಾರು ತೆಗೆದರು ಎಂಬ ಪಟ್ಟಿ ಗೋಡೆಗೆ ಹಚ್ಚುವುದು ಬೇಡ.

ಮಾನ್ಯ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಒಂದೇ. ಸಹಾಯ ಪಡೆಯುವ ಮಕ್ಕಳನ್ನು ವೇದಿಕೆಗೆ ಕರೆಯಬಾರದು, ಅವರ ಹೆಸರನ್ನು ಸಾರ್ವಜನಿಕವಾಗಿ ಓದಬಾರದು, ಚಿತ್ರವನ್ನು ಪತ್ರಿಕೆಗಾಗಲಿ ವಾಟ್ಸಾಪ್ ಗುಂಪಿಗಾಗಲಿ ಕೊಡಬಾರದು ಎಂದು ಶಾಲೆ ತೆರೆಯುವ ಮೊದಲೇ ಎಲ್ಲ ಮುಖ್ಯ ಅಧ್ಯಾಪಕರಿಗೆ ಸುತ್ತೋಲೆ ಕಳುಹಿಸಿ. ದಾನಿಗಳ ಮುಂದೆ ‘ಬೇಡ’ ಎನ್ನುವುದು ಮುಖ್ಯ ಅಧ್ಯಾಪಕರಿಗೆ ಕಷ್ಟ; ಇಲಾಖೆಯ ಕಾಗದ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ. ಅದು ಕನ್ನಡದಲ್ಲೂ ಬರಲಿ.

ನಾನು ಕಲಿಸಿದ ಶಾಲೆಗೆ ನನ್ನ ಮನೆಯ ಕಬ್ಬಿಣದ ಕಪಾಟನ್ನು ಈ ವಾರ ಸಾಗಿಸುತ್ತಿದ್ದೇನೆ. ಒಂದು ಬಾಗಿಲಿನ ತಿರುಗಣಿ ಸಡಿಲವಾಗಿದೆ, ಅದನ್ನು ಬಿಗಿ ಮಾಡಿಸಿ ಕೊಡುತ್ತೇನೆ. ಬೇರೆ ಯಾವ ಶಾಲೆಯಲ್ಲಾದರೂ ಈ ಕ್ರಮ ಆರಂಭಿಸುವುದಾದರೆ ಜೂನ್ ತಿಂಗಳಿಡೀ ಬಂದು ಚೀಟಿ ಬರೆಯಲು, ಪುಸ್ತಕ ಜೋಡಿಸಲು ನಾನು ಸಿದ್ಧಳಿದ್ದೇನೆ. ಬಸ್ಸಿನ ಖರ್ಚು ನನ್ನದು.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಿಕೆ,
ಬದಿಯಡ್ಕ